ಮಾಮೂಲಿ ಊಟದ ಒಳಗೆ ಏನಿರುತ್ತೆ

ಪೇಷಂಟ್ ಒಬ್ಬರ ಹತ್ತಿರ ಮೊದಲ ಸಲ ಊಟದ ವಿಚಾರ ಕೇಳಿದಾಗ ನನಗೆ ಸಿಕ್ಕ ಉತ್ತರ ಇಷ್ಟೇ: "ಮಾಮೂಲಿ ಸಿಸ್ಟರ್."

ಆಗ ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ಸೆಮಿಸ್ಟರ್. ನ್ಯೂಟ್ರಿಷನ್ ವಿಷಯಕ್ಕೆ ಒಂದು ಅಸೈನ್‌ಮೆಂಟ್ ಇತ್ತು. ವಾರ್ಡಿನಲ್ಲಿ ಒಬ್ಬರನ್ನು ಆರಿಸಿಕೊಂಡು, ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಏನು ತಿಂದರು, ಏನು ಕುಡಿದರು ಎಂದು ಕೇಳಿ ಬರೆದುಕೊಳ್ಳಬೇಕು. ಆಮೇಲೆ ಅದರಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್, ಎಷ್ಟು ಕಬ್ಬಿಣ ಎಂದು ಲೆಕ್ಕ ಹಾಕಬೇಕು. ನನ್ನ ಪಾಲಿಗೆ ಬಂದವರು ಮೂವತ್ತೆಂಟು ವರ್ಷದ ಒಬ್ಬ ಹೆಂಗಸು. ಹಿಮೋಗ್ಲೋಬಿನ್ 7.2, ತೀರಾ ಕಡಿಮೆ. ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ನಾನು ಫೈಲು ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಕೇಳಿದೆ. "ಬೆಳಗ್ಗೆ?" "ತಿಂಡಿ." "ಮಧ್ಯಾಹ್ನ?" "ಊಟ." "ಏನೂಟ?" "ಮಾಮೂಲಿ." ಎರಡು ನಿಮಿಷಕ್ಕೆ ಮುಗಿದುಹೋಯಿತು. ಅದನ್ನೇ ಬರೆದುಕೊಂಡು ಹೋಗಿ ನಮ್ಮ ಟ್ಯೂಟರ್ ಮೇಡಂ ಮುಂದಿಟ್ಟೆ.

ಮೇಡಂ ಬೈಯಲಿಲ್ಲ. ಎದ್ದು ನನ್ನ ಜೊತೆ ವಾರ್ಡಿಗೆ ಬಂದರು, ಸ್ಟೂಲ್ ಎಳೆದುಕೊಂಡು ಕೂತರು. "ಯಾವೂರಮ್ಮ ನಿಮ್ದು? ಮನೇಲಿ ಎಷ್ಟು ಜನ? ಅಡುಗೆ ನೀವೇನಾ ಮಾಡೋದು?" ಅಂತ ಶುರು ಮಾಡಿದರು. ಆಮೇಲೆ, "ಎದ್ದು ಮುಖ ತೊಳೆದ ಮೇಲೆ ಬಾಯಿಗೆ ಮೊದಲು ಏನು ಬೀಳುತ್ತೆ?" ಟೀ. "ಎಷ್ಟು? ದೊಡ್ಡ ಲೋಟವಾ, ಚಿಕ್ಕ ಲೋಟವಾ?" ದೊಡ್ಡದು. ದಿನಕ್ಕೆ ಐದು ಸಲ. ಮಧ್ಯಾಹ್ನ ಮುದ್ದೆ, ಬಸ್ಸಾರು. "ಬಸ್ಸಾರು ಅಂದ್ರೆ ಸೊಪ್ಪಿನ ಪಲ್ಯನೂ ಇರುತ್ತಲ್ಲ, ಎಷ್ಟು ಹಾಕ್ಕೊಂಡ್ರಿ?" ಆಯಮ್ಮ ಸುಮ್ಮನಾದರು. ಗಂಡನಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಅತ್ತೆಗೆ ಕೊಟ್ಟ ಮೇಲೆ ಪಲ್ಯ ಉಳಿದಿರಲಿಲ್ಲ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದ್ದರು ಅಷ್ಟೇ. ಊಟ ಆದ ಕೂಡಲೇ ಮತ್ತೊಂದು ಲೋಟ ಟೀ, ಇಲ್ಲದಿದ್ದರೆ ತಲೆ ಹಿಡಿದುಕೊಳ್ಳುತ್ತಂತೆ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. "ಅಕ್ಕಿ ಆರಿಸ್ತಾ ಬಾಯಿಗೆ ಹಾಕ್ಕೊಳ್ಳೋದು ಉಂಟಾ?" ಆಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ದಿನಾ ಒಂದು ಹಿಡಿ ಹಸಿ ಅಕ್ಕಿ. ತಿನ್ನದಿದ್ದರೆ ಸಮಾಧಾನವೇ ಇಲ್ಲ. ಈ ಚಪಲ ರಕ್ತಹೀನತೆ ಇರುವವರಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವರು ಮಣ್ಣು, ಸೀಮೆಸುಣ್ಣ, ಐಸು ತಿನ್ನುತ್ತಾರೆ ಎಂದು ಮೇಡಂ ಆಮೇಲೆ ಹೇಳಿದರು. ಕೊನೆಗೆ ಮಾತ್ರೆಯ ಮಾತು ಬಂತು. "ಆಸ್ಪತ್ರೇಲಿ ಕೆಂಪು ಮಾತ್ರೆ ಕೊಟ್ಟಿದ್ರು ಮೇಡಂ. ನಾಲ್ಕು ದಿನ ತಗೊಂಡೆ. ಹೊರಕಡೆಗೆ ಹೋದ್ರೆ ಕರ್ರಗೆ ಹೋಗೋಕೆ ಶುರುವಾಯ್ತು, ಹೊಟ್ಟೆನೂ ಕಟ್ಕೊಂಡ್ತು. ಒಳಗೇನೋ ಆಗಿದೆ ಅಂತ ಹೆದರಿ ಬಿಟ್ಟುಬಿಟ್ಟೆ."

ನನ್ನ ಎರಡು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯಿತು. ಮಾಮೂಲಿ ಎಂಬ ಒಂದು ಮಾತಿನೊಳಗೆ ಆ ಹೆಂಗಸಿನ ರಕ್ತ ಯಾಕೆ ಕಡಿಮೆ ಆಯಿತು ಎಂಬುದಕ್ಕೆ ಹೆಚ್ಚುಕಡಿಮೆ ಎಲ್ಲ ಕಾರಣವೂ ಅಡಗಿತ್ತು. ಮುಟ್ಟಿನಲ್ಲಿ ಎಂಟು ದಿನ ಹೋಗುತ್ತಿತ್ತು, ಅದೂ ಮಾಮೂಲಿಯೇ. ಸೊಪ್ಪು, ರಾಗಿ, ಕಾಳುಗಳಲ್ಲಿನ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಊಟದ ಜೊತೆ ಟೀ ಕುಡಿದರೆ ಅದರ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಇನ್ನಷ್ಟು ಕೆಡಿಸುತ್ತದೆ. ಅದೇ ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ, ಒಂದು ಸೀಬೆಹಣ್ಣು ತಿಂದರೆ, ಒಳಗೆ ಸೇರುವುದು ಹೆಚ್ಚುತ್ತದೆ. ಕಬ್ಬಿಣದ ಮಾತ್ರೆ ತಗೊಂಡಾಗ ಮಲ ಕಪ್ಪಾಗುವುದು ಸಹಜ, ಹೊಟ್ಟೆ ಕಟ್ಟುವುದೂ ಉಂಟು. ಈ ಎರಡು ಮಾತನ್ನು ಮಾತ್ರೆ ಕೊಡುವಾಗ ಯಾರಾದರೂ ಹೇಳಿದ್ದರೆ ಆಯಮ್ಮ ಬಿಡುತ್ತಿರಲಿಲ್ಲವೇನೋ. ಮಾತ್ರೆ ಕೊಡುವವರು ಬಹಳ ಸಲ ನರ್ಸುಗಳೇ. ಹಾಗಾಗಿ ಹೇಳಬೇಕಾದವರೂ ನಾವೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಪರೀಕ್ಷೆಗೆಂದು ಈ ಅಂಕಿ ಬಾಯಿಪಾಠ ಮಾಡಿದ್ದೆ. ಅಷ್ಟು ಜನರಲ್ಲಿ ಎಷ್ಟು ಮಂದಿ ಕಪ್ಪಗೆ ಹೋಯಿತೆಂದು ಹೆದರಿ ಮಾತ್ರೆ ಬಿಟ್ಟಿರಬಹುದು ಎಂದು ಆ ದಿನ ಮೊದಲ ಸಲ ಯೋಚಿಸಿದೆ.

ತರಗತಿಯ ಪಾಠ ಕಷ್ಟವೇ ಆಗಿತ್ತು. ನಾನು ಶಿರಾ ಕಡೆಯ ಹಳ್ಳಿಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪುಸ್ತಕ ಪೂರ್ತಿ ಇಂಗ್ಲಿಷು. ಒಂದು ಗ್ರಾಂ ಪಿಷ್ಟಕ್ಕೆ 4 ಕಿಲೊಕ್ಯಾಲೊರಿ, ಪ್ರೋಟೀನಿಗೂ 4, ಕೊಬ್ಬಿಗೆ 9. ಇದು ಸುಲಭ. ಆದರೆ ಪುಸ್ತಕದಲ್ಲಿದ್ದ ಓಟ್ಸು, ಟೋಸ್ಟಿನ ಲೆಕ್ಕ ನಮ್ಮ ವಾರ್ಡಿನಲ್ಲಿ ಯಾರಿಗೂ ಹೊಂದುತ್ತಿರಲಿಲ್ಲ. ನಮ್ಮ ಮೇಡಂ ಒಂದು ಮಧ್ಯಾಹ್ನ ಹಾಸ್ಟೆಲ್ ಅಡುಗೆಮನೆಗೇ ತೂಕದ ಯಂತ್ರ ತಂದರು. ಒಂದು ಮುದ್ದೆ ತೂಗಿದೆವು, 280 ಗ್ರಾಂ ಬಂತು. ಅದರಲ್ಲಿ ಹಿಟ್ಟು ಎಷ್ಟು ಎಂದು ಅಡುಗೆಯವರನ್ನು ಕೇಳಿ ಲೆಕ್ಕ ಮಾಡಿದರೆ ಸುಮಾರು 90 ಗ್ರಾಂ, ಉಳಿದದ್ದು ನೀರು. ನೂರು ಗ್ರಾಂ ರಾಗಿಗೆ ಹತ್ತಿರ ಹತ್ತಿರ 320 ಕಿಲೊಕ್ಯಾಲೊರಿ, ಏಳು ಗ್ರಾಂ ಪ್ರೋಟೀನ್, 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ. ಅಂದರೆ ನಮ್ಮ ಒಂದು ಮುದ್ದೆ 290 ಕಿಲೊಕ್ಯಾಲೊರಿ. ಸಾರಿನ ಸೌಟು, ಟೀ ಲೋಟ, ಅನ್ನದ ಬಟ್ಟಲು, ಎಣ್ಣೆಯ ಚಮಚ ಎಲ್ಲವನ್ನೂ ಹೀಗೇ ಅಳೆದು ಜೇಬಿನ ಪುಸ್ತಕದಲ್ಲಿ ಬರೆದಿಟ್ಟೆ. ಆ ಪುಟಗಳು ಇವತ್ತಿಗೂ ನನ್ನ ಯೂನಿಫಾರ್ಮಿನ ಜೇಬಿನಲ್ಲಿವೆ.

ಜೀರ್ಣಾಂಗದ ಪಾಠವನ್ನು ಮೇಡಂ ಸೀರೆಯಿಂದ ಮಾಡಿದರು. ಸಣ್ಣಕರುಳು ಸುಮಾರು ಆರು ಮೀಟರು, ಒಂದು ಸೀರೆಗಿಂತ ತುಸು ಉದ್ದ. ಕಾರಿಡಾರಿನಲ್ಲಿ ಹಳೇ ಸೀರೆ ಬಿಚ್ಚಿ ಹಾಸಿ, "ಇಷ್ಟುದ್ದ ನಿಮ್ಮ ಹೊಟ್ಟೆಯಲ್ಲಿ ಮಡಚಿಕೊಂಡು ಕೂತಿದೆ" ಎಂದರು. ಮೊದಲ ಒಂದು ಗೇಣು ಡ್ಯುಯೋಡಿನಮ್. ಜಠರದಿಂದ ಬಂದ ಹುಳಿ ಅಂಬಲಿಗೆ ಪಿತ್ತರಸವೂ ಮೇದೋಜ್ಜೀರಕ ರಸವೂ ಬಂದು ಸೇರುವ ಜಾಗ ಅದು, ಕಬ್ಬಿಣ ಹೆಚ್ಚಾಗಿ ಒಳಸೇರುವುದೂ ಅಲ್ಲೇ. ಕೊನೆಯ ಸೆರಗಿನ ತುದಿ ಇಲಿಯಮ್‌ನ ಕೊನೆಯ ಭಾಗ, ಬಿ12 ವಿಟಮಿನ್ ಸೇರುವುದು ಅಲ್ಲಿ. ಆ ತುದಿಯನ್ನು ಆಪರೇಷನ್ ಮಾಡಿ ತೆಗೆದವರಿಗೆ ಆಮೇಲೆ ಬಿ12 ಇಂಜೆಕ್ಷನ್ ಯಾಕೆ ಬೇಕಾಗುತ್ತದೆ ಎಂಬುದು ಸೀರೆ ನೋಡಿದ ಮೇಲೆ ಯಾರಿಗೂ ಮರೆಯಲಿಲ್ಲ. ನನ್ನ ಮನಸ್ಸಿನಲ್ಲಿ ನಿಂತ ಇನ್ನೊಂದು ಲೆಕ್ಕ ನೀರಿನದು. ದಿನಕ್ಕೆ ನಾವು ಬಾಯಲ್ಲಿ ತಗೊಳ್ಳುವುದು ಎರಡು ಲೀಟರು. ಜೊಲ್ಲು, ಜಠರರಸ, ಪಿತ್ತ, ಕರುಳಿನ ರಸ ಎಂದು ದೇಹವೇ ಇನ್ನೂ ಆರೇಳು ಲೀಟರು ಸುರಿಯುತ್ತದೆ. ಇಷ್ಟರಲ್ಲಿ ಮಲದ ಜೊತೆ ಹೊರಗೆ ಹೋಗುವುದು ನೂರು, ಇನ್ನೂರು ಎಂ.ಎಲ್. ಮಾತ್ರ. ಉಳಿದದ್ದನ್ನೆಲ್ಲ ಕರುಳು ವಾಪಸ್ ಹೀರಿಕೊಳ್ಳುತ್ತದೆ. ಭೇದಿಯಾದಾಗ ಈ ವಾಪಸಾತಿ ಬಹಳ ಕಡಿಮೆಯಾಗುತ್ತದೆ. ಮಗು ಒಂದೇ ರಾತ್ರಿಯಲ್ಲಿ ಬಾಡಿಹೋಗುವುದು ಅದಕ್ಕೆ.

ಮೂರನೇ ಸೆಮಿಸ್ಟರಿನಲ್ಲಿ ನನ್ನ ಕೈಯಿಂದ ಒಂದು ತಪ್ಪಾಯಿತು. ಅದನ್ನು ಬರೆಯಲೇಬೇಕು, ಯಾಕೆಂದರೆ ನಾನು ಹೆಚ್ಚು ಕಲಿತದ್ದು ಅದರಿಂದಲೇ.

ಲಕ್ವ ಹೊಡೆದ ಅರವತ್ತೈದರ ಒಬ್ಬರು. ನುಂಗಲು ಆಗುತ್ತಿರಲಿಲ್ಲ, ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದ್ದರು. ಎರಡು ಮೂರು ಗಂಟೆಗೊಮ್ಮೆ ಆರ್‌ಟಿ ಫೀಡ್, ಅಂದರೆ ಆ ಟ್ಯೂಬಿನಲ್ಲಿ ದ್ರವ ಆಹಾರ. ಸೊಸೆ ಮನೆಯಿಂದ ಫ್ಲಾಸ್ಕಿನಲ್ಲಿ ರಾಗಿ ಗಂಜಿ ತರುತ್ತಿದ್ದಳು. ಅವತ್ತು ಗಂಜಿ ಸೋಸಿದ್ದಾಳೋ ಇಲ್ಲವೋ ನಾನು ನೋಡಲಿಲ್ಲ. ಸಿರಿಂಜಿಗೆ ಎಳೆದು ಹಾಕಿದೆ. ಅರ್ಧದಲ್ಲಿ ನಿಂತಿತು. ಪಿಸ್ಟನ್ ಒತ್ತಿದೆ. ಹೋಗಲಿಲ್ಲ. ಇನ್ನೂ ಒತ್ತಿದೆ. ಆ ಅಜ್ಜ ಒಂದೇ ಕೈಯಲ್ಲಿ ಬೆಡ್‌ಶೀಟ್ ಬಿಗಿಯಾಗಿ ಹಿಡಿದುಕೊಂಡು ಮುಖ ಕಿವುಚಿದರು. ಮಾತು ಬರುತ್ತಿರಲಿಲ್ಲ ಅವರಿಗೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು.

ಅವರು ಸಿರಿಂಜ್ ತೆಗೆದು, ಉಗುರುಬೆಚ್ಚಗಿನ ನೀರು ತಂದು, ಸ್ವಲ್ಪ ಬಿಟ್ಟು, ಸ್ವಲ್ಪ ಎಳೆದು, ಮತ್ತೆ ಬಿಟ್ಟು, ಐದು ನಿಮಿಷ ತಾಳ್ಮೆಯಿಂದ ಹಾಗೇ ಮಾಡುತ್ತಿದ್ದರು. ಕೊನೆಗೆ ಟ್ಯೂಬಿನ ಒಳಗಿಂದ ಸಣ್ಣದೊಂದು ರಾಗಿ ಹೊಟ್ಟಿನ ಗಂಟು ಸಿರಿಂಜಿಗೆ ಬಂತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ನನ್ನ ಗ್ಲೌಸಿನ ಮೇಲಿಟ್ಟು, "ನೋಡು" ಎಂದರು, ಅಷ್ಟೇ.

ಆಮೇಲೆ ಪ್ರತಿ ಫೀಡಿಗೂ ಅವರು ನನ್ನ ಪಕ್ಕ ನಿಂತರು. ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಬೇಕು, ಫೀಡ್ ಮುಗಿದು ಅರ್ಧ ಗಂಟೆಗಿಂತ ಮೊದಲು ಇಳಿಸಬಾರದು, ಇಲ್ಲದಿದ್ದರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದೀತು. ಟ್ಯೂಬ್ ಮೊದಲು ಹಾಕಿದಾಗ ಸರಿಯಾಗಿ ಜಠರದಲ್ಲಿದೆಯೇ ಎಂಬುದಕ್ಕೆ ಎಕ್ಸ್‌ರೇ ಖಚಿತ. ಆಮೇಲೆ ಪ್ರತಿ ಸಲ ಮೂಗಿನ ಹತ್ತಿರದ ಗುರುತು ಸರಿದಿದೆಯೇ ನೋಡಬೇಕು, ಸಿರಿಂಜಿನಲ್ಲಿ ಸ್ವಲ್ಪ ರಸ ಎಳೆದು ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೋಡಬೇಕು, 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಗುಳುಗುಳು ಕೇಳಿಸಿದರೆ ಸಾಕು ಎಂದು ಹಳಬರು ಮಾಡುತ್ತಾರೆ. ಶ್ವಾಸನಾಳದಲ್ಲಿದ್ದರೂ ಅದೇ ಸದ್ದು ಕೇಳಿಸಬಹುದು, ಅದನ್ನು ನಂಬಬೇಡ ಎಂದರು. ಪಿಸ್ಟನ್ ತೆಗೆದಿಟ್ಟು ಬರೀ ನಳಿಗೆ ಹಿಡಿದು ಗಂಜಿಯನ್ನು ತನ್ನಷ್ಟಕ್ಕೆ ಇಳಿಯಲು ಬಿಡಬೇಕು. ಇನ್ನೂರು ಎಂ.ಎಲ್.ಗೆ ಹದಿನೈದು, ಇಪ್ಪತ್ತು ನಿಮಿಷ. ಮೊದಲು ನೀರು, ಕೊನೆಗೂ ನೀರು. ಮಾತ್ರೆ ಕೊಡುವುದಿದ್ದರೆ ಗಂಜಿಯಲ್ಲಿ ಕಲಸದೆ ಬೇರೆಯಾಗಿ ನುಣ್ಣಗೆ ಅರೆದು ಕೊಡಬೇಕು, ಕೆಲವು ಮಾತ್ರೆ ಅರೆಯಲೇಬಾರದು, ಕೇಳಿಕೊಂಡು ಮಾಡಬೇಕು.

ನನಗೆ ಇನ್ನೂ ದೊಡ್ಡ ಆಘಾತ ಆದದ್ದು ಮೂರನೇ ದಿನ. ಆ ಸೊಸೆಯ ಹತ್ತಿರ ಕೂತು, ಮೇಡಂ ಕೂತಂತೆ ಕೂತು, ಗಂಜಿ ಹೇಗೆ ಮಾಡ್ತೀಯಕ್ಕ ಎಂದು ಕೇಳಿದೆ. ಒಂದು ಲೋಟ ನೀರಿಗೆ ಎರಡು ಚಮಚ ಹಿಟ್ಟು, ಚಿಟಿಕೆ ಉಪ್ಪು. ದಪ್ಪ ಆದರೆ ಟ್ಯೂಬಿನಲ್ಲಿ ಇಳಿಯಲ್ಲ ಅಂತ ತೆಳ್ಳಗೆ ಮಾಡುತ್ತಿದ್ದಳು. ನನ್ನ ಜೇಬಿನ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಎರಡು ಚಮಚ ಎಂದರೆ 20 ಗ್ರಾಂ, 65 ಕಿಲೊಕ್ಯಾಲೊರಿ. ದಿನಕ್ಕೆ ಆರು ಫೀಡ್ ಎಂದರೆ ನಾನೂರು ದಾಟುವುದಿಲ್ಲ. ಆ ಅಜ್ಜ ಐವತ್ತು ಕೆ.ಜಿ. ಇದ್ದರು. ಕೆ.ಜಿ.ಗೆ 25ರಿಂದ 30ರಂತೆ ಅವರಿಗೆ ಬೇಕಾದದ್ದು 1250ರಿಂದ 1500. ಚಾರ್ಟಿನಲ್ಲಿ ನಾವು "ಫೀಡ್ 200 ಎಂ.ಎಲ್. ಕೊಡಲಾಗಿದೆ" ಎಂದು ಆರು ಸಲ ಅಚ್ಚುಕಟ್ಟಾಗಿ ಬರೆಯುತ್ತಿದ್ದೆವು. ಹೊಟ್ಟೆ ತುಂಬಿತ್ತು, ಮನುಷ್ಯ ಉಪವಾಸವಿದ್ದ. ಬೆನ್ನಿನ ಹುಣ್ಣು ಮಾಯುತ್ತಿಲ್ಲ ಎಂದು ಡ್ರೆಸ್ಸಿಂಗ್ ಬದಲಿಸುತ್ತಿದ್ದೆವು, ಮಾಯಲು ಬೇಕಾದ ಪ್ರೋಟೀನ್ ಒಳಗೆ ಹೋಗುತ್ತಲೇ ಇರಲಿಲ್ಲ.

ಓಡಿಹೋಗಿ ಸಿಸ್ಟರಿಗೆ ತೋರಿಸಿದೆ. ಅವರು ಡಯಟಿಷಿಯನ್ ಹತ್ತಿರ ಕಳಿಸಿದರು. ಡಯಟಿಷಿಯನ್ ಹೇಳಿದ ಉಪಾಯ ನಮ್ಮ ಮನೆಯದೇ: ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ನಿಲ್ಲುತ್ತದೆ. ಮೂವತ್ತು ಗ್ರಾಂ ಆ ಹಿಟ್ಟು, ನೂರು ಎಂ.ಎಲ್. ಹಾಲು, ಎರಡು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಎಣ್ಣೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಒಂದು ಫೀಡಿಗೆ 245ರ ಹತ್ತಿರ ಬಂತು, ಆರು ಸಲಕ್ಕೆ 1500ರ ಹತ್ತಿರ. ನಡುವೆ ಒಂದೆರಡು ಸಲ ನುಣ್ಣಗೆ ಅರೆದ ಬೇಳೆ. ಒಂದೇ ದಿನಕ್ಕೆ ಏರಿಸಬೇಡ, ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿದರೆ ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಅಪಾಯ ಆಗುತ್ತದೆ, ನಾಲ್ಕೈದು ದಿನದಲ್ಲಿ ನಿಧಾನ ಏರಿಸಿ, ರಕ್ತ ಪರೀಕ್ಷೆ ನೋಡ್ತಾ ಇರಿ ಎಂದರು. ಸೊಸೆ ಹಳೇ ವಾಯಿಲ್ ಸೀರೆ ಹರಿದು ಒಗೆದು ಕುದಿಸಿ ಸೋಸುವ ಬಟ್ಟೆ ಮಾಡಿಕೊಂಡಳು. ಮುಂದಿನ ವಾರ ಪಕ್ಕದ ಮಂಚದವರಿಗೂ ಅವಳೇ ಒಂದು ತುಂಡು ಕೊಟ್ಟು ಹೇಳಿಕೊಡುತ್ತಿದ್ದಳು.

ಮಕ್ಕಳ ವಾರ್ಡಿನ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ಪ್ಯಾಕೆಟ್. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಕುಡಿಸುವ ತಾಯಂದಿರನ್ನು ವಾರಕ್ಕೆ ಮೂರು ನಾಲ್ಕು ಮಂದಿಯನ್ನಾದರೂ ನೋಡಿದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ. ಆದರೆ ಆ ಗಟ್ಟಿ ದ್ರಾವಣ ಕರುಳಿನೊಳಗೆ ದೇಹದ ನೀರನ್ನೇ ಎಳೆದುಕೊಂಡು ಭೇದಿ ಹೆಚ್ಚಿಸುತ್ತದೆ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಈ ಅಳತೆ ಸುಮ್ಮನೆ ಬಂದದ್ದಲ್ಲ. ಸಕ್ಕರೆಯೂ ಸೋಡಿಯಮ್ಮೂ ಕೈ ಕೈ ಹಿಡಿದು ಕರುಳಿನ ಗೋಡೆ ದಾಟುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ಎಷ್ಟೇ ಇದ್ದರೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅಲ್ಲಿ ಕುಡಿಸಿದವರು ತಾಯಂದಿರು, ಅಕ್ಕಂದಿರು. ಅದಕ್ಕೇ ನಾನು ಪ್ಯಾಕೆಟ್ ಕೊಟ್ಟು ಹೋಗಿಬಿಡುವುದಿಲ್ಲ. ಒಂದು ಲೀಟರಿನ ನೀರಿನ ಬಾಟಲಿ ತರಿಸಿ, ನನ್ನ ಎದುರೇ ಕಲಸಿಸಿ, ಚಮಚದಲ್ಲಿ ಕುಡಿಸಿಸಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ ಎಂದು ಹೇಳಿ, ಕಲಸಿದ್ದು 24 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ಹೇಳಿಯೇ ಮುಂದಿನ ಮಂಚಕ್ಕೆ ಹೋಗುವುದು. ಎದೆಹಾಲು ನಿಲ್ಲಿಸಬಾರದು, ಝಿಂಕ್ ಮಾತ್ರೆ ಭೇದಿ ನಿಂತರೂ 14 ದಿನ ಮುಗಿಸಬೇಕು.

ಬಾಣಂತಿಯರ ವಾರ್ಡಿನಲ್ಲಿ ಬೇರೆಯದೇ ಕಷ್ಟ. ಅಲ್ಲಿ ಪೇಷಂಟಿಗಿಂತ ಅವರ ಅತ್ತೆಯೋ ಅಮ್ಮನೋ ಹೇಳಿದ್ದೇ ನಡೆಯುವುದು. ಹೆರಿಗೆಯಾಗಿ ಮೂರನೇ ದಿನ, ಹೊಲಿಗೆ ಬಿದ್ದ ಒಬ್ಬ ಹುಡುಗಿ ಮೋಷನ್‌ಗೆ ಹೋಗಿರಲಿಲ್ಲ. ಹೋದರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ ಎಂದು ಭಯ. ತುಟಿ ಒಣಗಿತ್ತು. ಅವಳ ಅಜ್ಜಿ ದಿನಕ್ಕೆ ಎರಡು ಚಿಕ್ಕ ಲೋಟ ನೀರು ಮಾತ್ರ ಕೊಡುತ್ತಿದ್ದರು. "ಬಾಣಂತಿಗೆ ನೀರು ಕೊಟ್ರೆ ನಂಜಾಗ್ತದೆ, ಹೊಟ್ಟೆ ದಪ್ಪ ಬರ್ತದೆ ಕಣವ್ವ. ನಾನು ಏಳು ಹೆತ್ತಿದೀನಿ."

ಏಳು ಹೆತ್ತವರ ಮುಂದೆ ಪುಸ್ತಕ ತೆರೆಯುವ ಧೈರ್ಯ ನನಗಿರಲಿಲ್ಲ, ತೆರೆಯಬಾರದು ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. "ಅಜ್ಜಿ, ಬಾಣಂತಿಗೆ ಏನೇನು ಕೊಡ್ತೀರ, ನನಗೂ ಹೇಳಿ" ಎಂದೆ. ಮೆಂತ್ಯದ ಗಂಜಿ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೊಬ್ಬರಿ ಬೆಲ್ಲದ ಅಂಟಿನುಂಡೆ. ಒಂದೊಂದೂ ಒಳ್ಳೆಯದೇ. ಎದೆಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೊಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಜ್ಜಿಯ ಅಂಟಿನುಂಡೆಯಲ್ಲಿ ಅದಕ್ಕೆ ಬೇಕಾದ ಶಕ್ತಿ ಇತ್ತು. ಇಲ್ಲದ್ದು ನೀರು. "ತಣ್ಣೀರು ಬೇಡ ಅಜ್ಜಿ, ನಿಮ್ಮ ಮಾತು ನಡೀಲಿ. ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಕೊಡಬಹುದಲ್ವಾ? ಮಗು ಹಾಲು ಕುಡಿದ ಪ್ರತಿ ಸಲ ಒಂದು ಲೋಟ. ಹಾಲಾಗೋಕೂ ನೀರು ಬೇಕಲ್ವಾ." ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಜೀರಿಗೆ ನೀರಾದ್ರೆ ಕೊಡಬಹುದು" ಎಂದರು. ಸೊಪ್ಪಿನ ಪಲ್ಯ ಒಂದು ಸೌಟು ಜಾಸ್ತಿ ಮಾಡಿದರು. ಡಾಕ್ಟರು ಬರೆದ ಮಲ ಮೆತ್ತಗಾಗಿಸುವ ಔಷಧಿಯನ್ನೂ ಕೊಟ್ಟೆವು. ಮರುದಿನ ಸಂಜೆ ಹುಡುಗಿ ಬಾತ್‌ರೂಮಿನಿಂದ ಬಂದು ನನ್ನ ಕೈ ಹಿಡಿದು, "ಆಯ್ತಕ್ಕ" ಎಂದು ಅತ್ತೇಬಿಟ್ಟಳು. ಮಲಬದ್ಧತೆಯನ್ನು ನಾವು ಚಾರ್ಟಿನ ಒಂದು ಗೀಟು ಎಂದು ನೋಡುತ್ತೇವೆ. ಮಲಗಿರುವವರಿಗೆ ಅದು ಇಡೀ ದಿನದ ಚಿಂತೆ.

ಕೊನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಗಂಡಸರ ಮೆಡಿಸಿನ್ ವಾರ್ಡ್. ರಾತ್ರಿ ಪಾಳಿ ಮುಗಿಸಿ ಬೆಳಗಿನ ರೌಂಡ್ಸಿಗೆ ಸಿದ್ಧ ಮಾಡುತ್ತಿದ್ದೆ. ಮೂಲೆಯ ಮಂಚದ ತಾತ ಸುಸ್ತು, ತಲೆಸುತ್ತು ಎಂದು ಹಿಂದಿನ ಸಂಜೆ ಸೇರಿದ್ದರು. "ಮೋಷನ್ ಹೋದ್ರಾ ತಾತ?" "ಹೋದೆ." "ಹೇಗಿತ್ತು?" "ಮಾಮೂಲಿ."

ಆ ಮಾತು ಕೇಳಿದ ಕೂಡಲೇ ನಾನು ಸ್ಟೂಲ್ ಎಳೆದುಕೊಂಡೆ. "ತಾತ, ಬಣ್ಣ ಹೆಂಗಿತ್ತು?" ಅಂತೆಲ್ಲ ಕೇಳ್ತಾಳಲ್ಲ ಈ ಹುಡುಗಿ ಎಂಬಂತೆ ಮುಖ ಆ ಕಡೆ ತಿರುಗಿಸಿದರು. ನಾನು ಕಾದೆ. "ಕರ್ರಗೆ," ಎಂದರು. "ಮಾತ್ರೆ ಏನಾದ್ರೂ ತಗೋತಿದ್ರಾ, ಕೆಂಪುದು, ರಕ್ತಕ್ಕೆ ಅಂತ?" ಇಲ್ಲ. "ಕರ್ರಗೆ ಅಂದ್ರೆ ಗಟ್ಟಿನಾ, ಅಂಟಂಟಾ?" "ಡಾಂಬರು ಇದ್ದಂಗೆ ಕಣವ್ವ. ನೀರು ಹಾಕಿದ್ರೂ ಹೋಗಲ್ಲ. ಮೂರು ದಿನದಿಂದ. ವಾಸನೆ ತಡೆಯಕ್ಕಾಗಲ್ಲ." "ಮಂಡಿ ನೋವಿಗೆ ಏನಾದ್ರೂ?" "ಅಂಗಡೀಲಿ ಕೊಡ್ತಾರಲ್ಲ ನೋವಿನ ಮಾತ್ರೆ, ದಿನಾ ಎರಡು. ಬರೀ ಹೊಟ್ಟೇಲಿ ತಗೊಂಡ್ರೆ ಬೇಗ ಹಿಡಿತದೆ ಅಂತ."

ಮೊದಲ ವರ್ಷದ ಆಯಮ್ಮನ ಕಪ್ಪು ನೆನಪಾಯಿತು. ಕಬ್ಬಿಣದ ಮಾತ್ರೆಯ ಕಪ್ಪು ಹಸಿರು ಬೆರೆತ ಕಪ್ಪು, ಅಂಟುವುದಿಲ್ಲ, ಆ ಕೊಳೆತ ವಾಸನೆ ಇರುವುದಿಲ್ಲ. ಇದು ರಕ್ತ. ಜಠರದ ಗೋಡೆಯಲ್ಲಿ ಸೋರಿದ ರಕ್ತ ಅಲ್ಲಿನ ಆಮ್ಲದಲ್ಲಿ ಬೆಂದು, ಕರುಳಿನುದ್ದಕ್ಕೂ ಜೀರ್ಣವಾಗುತ್ತಾ ಬಂದು ಡಾಂಬರಾಗುತ್ತದೆ. ಇದಕ್ಕೆ ಮೆಲೀನಾ ಎನ್ನುತ್ತಾರೆ. ಐವತ್ತು, ನೂರು ಎಂ.ಎಲ್. ರಕ್ತ ಸೋರಿದರೂ ಸಾಕು ಹೀಗೆ ಕಾಣಿಸಲು. ಜಠರದ ಆಮ್ಲದಿಂದ ಗೋಡೆಯನ್ನು ಕಾಯುವ ಲೋಳೆಯ ಪದರಕ್ಕೆ ಬೇಕಾದ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಈ ನೋವಿನ ಮಾತ್ರೆಗಳು ತಡೆಯುತ್ತವೆ. ನಾಡಿ ಹಿಡಿದೆ, 112. ಬಿ.ಪಿ. 100/60. ಬೆಳಗಿನ ಕಾಫಿಗೆ ಎದ್ದು ಕೂರುತ್ತಿದ್ದವರನ್ನು ಮಲಗಿಸಿ, ಬಾಯಿಗೆ ಏನೂ ಕೊಡಬೇಡಿ ಎಂದು ಅವರ ಮಗನಿಗೆ ಹೇಳಿ, ಡ್ಯೂಟಿ ಸಿಸ್ಟರಿಗೆ, ಡಾಕ್ಟರಿಗೆ ತಿಳಿಸಿದೆ. ಹಿಮೋಗ್ಲೋಬಿನ್ 6.4 ಬಂತು. ಎರಡು ಬಾಟಲಿ ರಕ್ತ, ಆಮ್ಲ ತಗ್ಗಿಸುವ ಇಂಜೆಕ್ಷನ್, ಮಧ್ಯಾಹ್ನದೊಳಗೆ ಎಂಡೋಸ್ಕೋಪಿ. ಜಠರದಲ್ಲಿ ಹುಣ್ಣು. ಸೋರಿಕೆಯನ್ನು ಅಲ್ಲೇ ನಿಲ್ಲಿಸಿದರು.

ಒಂದು ದಿನ ಬರೀ ಡ್ರಿಪ್. ಆಮೇಲೆ ನೀರು, ಎಳನೀರು, ಹಾಲು, ಗಂಜಿ. ಮೂರನೇ ದಿನ ಡಾಕ್ಟರು ಮೆತ್ತಗಿನ ಊಟ ಎಂದು ಬರೆದರು. ತಾತ ನನ್ನನ್ನು ಕರೆದು, "ಮುದ್ದೆ ಮೆತ್ತಗೇ ಇರ್ತದಲ್ಲ ಸಿಸ್ಟ್ರಮ್ಮ?" ಎಂದು ಕೇಳಿದರು. ಡಾಕ್ಟರನ್ನು ಕೇಳಿಕೊಂಡು ಬಂದೆ. ಖಾರ ಇಲ್ಲದ ಸಾರಿನ ಜೊತೆ ಚಿಕ್ಕದೊಂದು ಕೊಡಬಹುದು ಎಂದರು.

ಮಧ್ಯಾಹ್ನ ಅವರ ಮನೆಯಾಕೆ ಡಬ್ಬಿ ಬಿಚ್ಚಿದರು. ಅಂಗೈಯಲ್ಲಿ ಹಿಡಿಯುವಷ್ಟು ಮುದ್ದೆ, ಹೆಸರುಬೇಳೆಯ ತೆಳುಸಾರು. ತಾತ ಬೆರಳು ಒದ್ದೆ ಮಾಡಿಕೊಂಡು ನೆಲ್ಲಿಕಾಯಿ ಗಾತ್ರದ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದರು. ಗಂಟಲಿನ ಉಂಡೆ ಮೇಲೆ ಹೋಗಿ ಕೆಳಗಿಳಿದದ್ದು ನನಗೆ ಕಂಡಿತು. ಪಿಷ್ಟದ ಜೀರ್ಣ ಬಾಯಿಯ ಜೊಲ್ಲಿನಿಂದ ಶುರುವಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ನಮ್ಮ ಮುದ್ದೆ ಉಣ್ಣುವವರಲ್ಲಿ ಆ ಕೆಲಸ ಬಹುಪಾಲು ಆ ಒಂದು ಗೇಣಿನ ಡ್ಯುಯೋಡಿನಮ್‌ನಿಂದ ಮುಂದಕ್ಕೆ, ಮೇದೋಜ್ಜೀರಕದ ರಸ ಬಂದ ಮೇಲೆಯೇ ನಡೆಯಬೇಕು.

"ತಾತ, ಒಂದೆರಡು ದಿನ ಇನ್ನೂ ಕರ್ರಗೆ ಹೋಗಬಹುದು, ಹಳೇದು. ಹೆದರಬೇಡಿ. ಆದ್ರೆ ನಾಳೆ ಬೆಳಗ್ಗೆ ಬಣ್ಣ ನೋಡಿ ನನಗೆ ಹೇಳಬೇಕು. ಮಾಮೂಲಿ ಅನ್ನಂಗಿಲ್ಲ."

ಎರಡನೇ ತುತ್ತು ಮುರಿಯುತ್ತಾ, "ಹೇಳ್ತೀನಿ ಹೋಗವ್ವ," ಎಂದರು.